ಪಾಲ್ ಬ್ರ್ಯಾಂಟ್

ಪಾಲ್ ವಿಲಿಯಂ ಬ್ರ್ಯಾಂಟ್ (ಸೆಪ್ಟೆಂಬರ್ ೧೧, ೧೯೧೩ – ಜನವರಿ ೨೬, ೧೯೮೩) ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಫುಟ್‌ಬಾಲ್ ತರಬೇತುದಾರರು. ಬೇರ್, ಅಂದರೆ ಕರಡಿ, ಎಂಬ ಅಡ್ಡಹೆಸರಿನಿಂದ ಅವರು ಪ್ರಸಿದ್ಧರು. ಮೇರಿಲ್ಯಾಂಡ್, ಕೆಂಟಕಿ, ಟೆಕ್ಸಾಸ್ ಎ ಅಂಡ್ ಎಂ ಮತ್ತು ಅಲಬಾಮಾ ವಿಶ್ವವಿದ್ಯಾಲಯಗಳ ತಂಡಗಳನ್ನು ಒಟ್ಟು ೩೮ ಋತುಗಳ ಕಾಲ ತರಬೇತುಗೊಳಿಸಿ ೩೨೩ ಪಂದ್ಯಗಳನ್ನು ಗೆದ್ದುಕೊಟ್ಟರು. ೮೫ರಲ್ಲಿ ಸೋತರು, ೧೭ ಪಂದ್ಯಗಳು ಸಮವಾದವು. ಅಲಬಾಮಾ ತಂಡವು ಅವರ ಕಾಲದಲ್ಲಿ ಆರು ಬಾರಿ (೧೯೬೧, ೧೯೬೪, ೧೯೬೫, ೧೯೭೩, ೧೯೭೮, ೧೯೭೯) ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಕಠಿಣ ಶಿಸ್ತಿಗೆ ಹೆಸರಾಗಿದ್ದ ಅವರು ಆಟಗಾರನ ಸಹಜ ಶೈಲಿಯನ್ನು, ಅದರಲ್ಲಿಯೂ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡುವವನ ಶೈಲಿಯನ್ನು, ತಿದ್ದಲು ಹೋಗದೆ ತಂಡದ ಆಟವನ್ನೇ ಅವನಿಗೆ ತಕ್ಕಂತೆ ಬದಲಿಸಿಕೊಳ್ಳುತ್ತಿದ್ದರು. ಆದರೆ ಈ ಉದಾರತೆ ಬಹುಕಾಲ ಬಿಳಿಯ ಆಟಗಾರರಿಗೆ ಮಾತ್ರ ದೊರೆಯಿತು ಎಂಬುದೂ ಅವರ ಚರಿತ್ರೆಯ ಭಾಗವೇ ಆಗಿದೆ.

ಆಟದ ಹಿನ್ನೆಲೆ

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅಮೆರಿಕದ ಫುಟ್‌ಬಾಲ್ ಬೇರೆಯೇ ಆಟ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. ನೂರು ಗಜ ಉದ್ದದ ಅಂಕಣದಲ್ಲಿ ತಲಾ ಹನ್ನೊಂದು ಮಂದಿಯ ಎರಡು ತಂಡಗಳು ಆಡುತ್ತವೆ. ಆಕ್ರಮಣ ಮಾಡುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿ ಸಲವೂ ಸಾಮಾನ್ಯವಾಗಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಇನ್ನೊಬ್ಬನಿಗೆ ಕೊಡಬೇಕೇ, ಎಸೆಯಬೇಕೇ, ತಾನೇ ಹಿಡಿದು ಓಡಬೇಕೇ ಎಂಬುದು ಅವನ ಮೂಲಕವೇ ನಡೆಯುತ್ತದೆ. ಎಸೆತದಲ್ಲಿಯೂ ಓಟದಲ್ಲಿಯೂ ಸಮಾನ ಸಾಮರ್ಥ್ಯವುಳ್ಳ ಕ್ವಾರ್ಟರ್‌ಬ್ಯಾಕ್‌ಗೆ ಎದುರಾಳಿಗಳು ಹೆಚ್ಚು ಅಂಜುತ್ತಾರೆ: ಓಟವನ್ನು ತಡೆಯಲು ಮುಂದೆ ಬಂದರೆ ಚೆಂಡು ತಲೆಯ ಮೇಲಿಂದ ಹೋಗುತ್ತದೆ, ಎಸೆತಕ್ಕೆಂದು ಹಿಂದೆ ಸರಿದರೆ ಅವನು ಓಡಿಬಿಡುತ್ತಾನೆ. ಇಂಥವನನ್ನು ತರಬೇತುದಾರರು ಒಂದೇ ಕಡೆ ನಿಂತು ಎಸೆಯುವವನನ್ನಾಗಿ ತಿದ್ದುವುದು ಬಹಳ ಕಾಲದಿಂದ ನಡೆದುಬಂದಿದೆ. ಓಡುವವನಿಗೆ ಪೆಟ್ಟಾಗುತ್ತದೆ ಎಂಬ ಭಯ ಅದಕ್ಕೆ ಒಂದು ಕಾರಣ. ಆಟವು ತಮ್ಮ ನಕ್ಷೆಯಿಂದ ಜಾರಿಹೋಗುತ್ತದೆ ಎಂಬ ಅಸಮಾಧಾನ ಮತ್ತೊಂದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬ್ರ್ಯಾಂಟ್ ಅರ್ಕಾನ್ಸಾ ರಾಜ್ಯದ ಮೊರೊ ಬಾಟಮ್ ಎಂಬ ಹಳ್ಳಿಯಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಅವರು ಹನ್ನೊಂದನೆಯವರು. ಮೂವರು ಶೈಶವದಲ್ಲಿಯೇ ತೀರಿಕೊಂಡಿದ್ದರು. ತಂದೆ ವಿಲ್ಸನ್ ಮನ್ರೋ ಬ್ರ್ಯಾಂಟ್ ಅನಾರೋಗ್ಯಪೀಡಿತರಾಗಿದ್ದುದರಿಂದ ಸಂಸಾರದ ಭಾರ ತಾಯಿ ಐಡಾ ಅವರ ಮೇಲಿತ್ತು. ತಾಯಿಯೊಡನೆ ಗಾಡಿಯಲ್ಲಿ ಕುಳಿತು ಬೆಳೆದ ಪದಾರ್ಥಗಳನ್ನು ಮಾರಲು ಪಟ್ಟಣಕ್ಕೆ ಹೋಗುತ್ತಿದ್ದಾಗ ಪಟ್ಟಣದ ಹುಡುಗರಿಂದ ಕಂಡ ತಾತ್ಸಾರವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಹದಿಹರೆಯದಲ್ಲಿ ಫೋರ್ಡೈಸ್ ಪಟ್ಟಣದ ಚಿತ್ರಮಂದಿರವೊಂದರಲ್ಲಿ ಹಣದಾಸೆಗೆ ಕರಡಿಯೊಂದಿಗೆ ಕುಸ್ತಿಗಿಳಿದುದರಿಂದ ಅವರಿಗೆ ಬೇರ್ ಎಂಬ ಹೆಸರು ಅಂಟಿಕೊಂಡಿತು. ಒಪ್ಪಿಕೊಂಡ ಹಣ ಮಾತ್ರ ಕೈಸೇರಲಿಲ್ಲವಂತೆ.

೧೯೩೦ರಲ್ಲಿ ಫೋರ್ಡೈಸ್ ಪ್ರೌಢಶಾಲೆಯ ತಂಡ ರಾಜ್ಯ ಚಾಂಪಿಯನ್ ಆದಾಗ ಬ್ರ್ಯಾಂಟ್ ಅದರಲ್ಲಿದ್ದರು. ಮರುವರ್ಷ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಬಂದಾಗ ಅವರಿನ್ನೂ ಪ್ರೌಢಶಾಲೆಯನ್ನೇ ಮುಗಿಸಿರಲಿಲ್ಲ. ಟಸ್ಕಲೂಸಾ ನಗರದ ಶಾಲೆಯೊಂದರಲ್ಲಿ ಓದಿ ಅದನ್ನು ಪೂರ್ಣಗೊಳಿಸಬೇಕಾಯಿತು. ಫ್ರಾಂಕ್ ಥಾಮಸ್ ಅವರ ತರಬೇತಿಯಲ್ಲಿ ಎಂಡ್ ಸ್ಥಾನದಲ್ಲಿ ಆಡಿದರು. ಇನ್ನೊಂದು ಬದಿಯ ಎಂಡ್ ಆಗಿದ್ದವರು ಮುಂದೆ ಮಹಾನ್ ಆಟಗಾರರೆನಿಸಿದ ಡಾನ್ ಹಟ್ಸನ್. ಆ ತಂಡ ೧೯೩೫ರ ಜನವರಿ ೧ರಂದು ರೋಸ್ ಬೌಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ ೨೯–೧೩ರಿಂದ ಗೆದ್ದಿತು. ಅದೇ ವರ್ಷ ಟೆನೆಸ್ಸಿ ವಿರುದ್ಧ ಬ್ರ್ಯಾಂಟ್ ಕಾಲಿನ ಮೂಳೆ ಮುರಿದಿದ್ದರೂ ಆಡಿದರು. ನೋವನ್ನು ಲೆಕ್ಕಿಸಬಾರದೆಂಬ ಅವರ ಹಟಕ್ಕೆ ಇದನ್ನು ಉದಾಹರಣೆಯಾಗಿ ಕೊಡುವುದು ರೂಢಿ. ೧೯೩೫ರಲ್ಲಿಯೇ ಮೇರಿ ಹಾರ್ಮನ್ ಬ್ಲ್ಯಾಕ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಒಬ್ಬ ಮಗಳು, ಒಬ್ಬ ಮಗ.

ತರಬೇತಿಯ ಮೊದಲ ವರ್ಷಗಳು

ಅಲಬಾಮಾ ಮತ್ತು ವ್ಯಾಂಡರ್‌ಬಿಲ್ಟ್‌ಗಳಲ್ಲಿ ಸಹಾಯಕರಾಗಿದ್ದ ಬ್ರ್ಯಾಂಟ್ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು. ೧೯೪೫ರಲ್ಲಿ ಮೇರಿಲ್ಯಾಂಡ್‌ನ ಮುಖ್ಯ ತರಬೇತುದಾರರಾದರು. ತಾವು ಹೊರಗಟ್ಟಿದ್ದ ಆಟಗಾರನೊಬ್ಬನನ್ನು ವಿಶ್ವವಿದ್ಯಾಲಯದ ಅಧ್ಯಕ್ಷರು ಮರಳಿ ಸೇರಿಸಿಕೊಂಡುದಕ್ಕಾಗಿ ಒಂದೇ ಋತುವಿನಲ್ಲಿ ಆ ಹುದ್ದೆಯನ್ನು ಬಿಟ್ಟರು. ಮುಂದಿನ ಎಂಟು ವರ್ಷ ಕೆಂಟಕಿಯಲ್ಲಿದ್ದರು. ೧೯೫೧ರ ಜನವರಿ ೧ರ ಶುಗರ್ ಬೌಲ್‌ನಲ್ಲಿ ಕೆಂಟಕಿಯು ಸತತ ೩೧ ಪಂದ್ಯಗಳನ್ನು ಗೆದ್ದಿದ್ದ ಓಕ್ಲಹೋಮವನ್ನು ೧೩–೭ರಿಂದ ಸೋಲಿಸಿತು. ಆ ತಂಡದ ಕ್ವಾರ್ಟರ್‌ಬ್ಯಾಕ್ ಬೇಬ್ ಪರಿಲಿ.

೧೯೫೪ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡದ ಹೊಣೆ ಹೊತ್ತ ಬ್ರ್ಯಾಂಟ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆಟಗಾರರನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದರು. ಬರಗಾಲದಿಂದ ಬಿರುಕುಬಿಟ್ಟ ನೆಲ, ಸುಡುವ ಬಿಸಿಲು, ಅಭ್ಯಾಸದ ನಡುವೆ ಕುಡಿಯಲು ನೀರೂ ಇಲ್ಲ. ಸುಮಾರು ಹತ್ತು ದಿನಗಳಲ್ಲಿ ಹೆಚ್ಚಿನವರು ಬಿಟ್ಟುಹೋದರು. ಎರಡು ಬಸ್ಸುಗಳಲ್ಲಿ ಹೋದ ತಂಡ ಒಂದೇ ಬಸ್ಸಿನಲ್ಲಿ ಮರಳಿತು. ಆ ಋತುವಿನಲ್ಲಿ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಒಂಬತ್ತು. ಎರಡು ವರ್ಷಗಳ ತರುವಾಯ, ೧೯೫೬ರಲ್ಲಿ, ಅದೇ ತಂಡ ಒಂದೂ ಪಂದ್ಯವನ್ನು ಸೋಲದೆ ಸೌತ್‌ವೆಸ್ಟ್ ಕಾನ್ಫರೆನ್ಸ್ ಪ್ರಶಸ್ತಿಯನ್ನು ಗಳಿಸಿತು. ಜಂಕ್ಷನ್ ಶಿಬಿರವನ್ನು ವೀರಗಾಥೆಯಾಗಿ ಹೇಳುವವರು ಈ ಗೆಲುವನ್ನು ಮುಂದಿಡುತ್ತಾರೆ. ಬಿಸಿಲಿನಲ್ಲಿ ಹುಡುಗರಿಗೆ ನೀರು ಕೊಡದಿರುವುದು ಇಂದಿನ ವೈದ್ಯಕೀಯ ತಿಳಿವಳಿಕೆಯಲ್ಲಿ ಪ್ರಾಣಾಪಾಯದ ಕೆಲಸ. ಅಂದೂ ಅದು ಅಪಾಯವೇ ಆಗಿತ್ತು. ಬ್ರ್ಯಾಂಟ್ ಸಹ ಮುಂದೆ ಅದನ್ನು ಖಡಾಖಂಡಿತವಾಗಿ ಸಮರ್ಥಿಸಿಕೊಳ್ಳಲಿಲ್ಲ.

ಅಲಬಾಮಾ: ಟ್ರ್ಯಾಮೆಲ್, ನೇಮತ್ ಮತ್ತು ಸ್ಟೇಬ್ಲರ್

೧೯೫೮ರಲ್ಲಿ ಬ್ರ್ಯಾಂಟ್ ತಾವು ಓದಿದ ಅಲಬಾಮಾಕ್ಕೆ ಮರಳಿದರು. ಅದಕ್ಕೆ ಹಿಂದಿನ ಮೂರು ಋತುಗಳಲ್ಲಿ ಆ ತಂಡ ಗೆದ್ದದ್ದು ನಾಲ್ಕೇ ಪಂದ್ಯಗಳು. ಅಂಕಣದ ಪಕ್ಕದಲ್ಲಿ ಕಟ್ಟಿಸಿದ ಎತ್ತರದ ಗೋಪುರದ ಮೇಲೆ ನಿಂತು ಅವರು ಅಭ್ಯಾಸವನ್ನು ವೀಕ್ಷಿಸುತ್ತಿದ್ದರು. ಅಲ್ಲಿಂದ ಅವರು ಕೆಳಗಿಳಿದು ಬಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಆಟಗಾರರು ಹೆದರುತ್ತಿದ್ದರು.

ಅವರ ಮೊದಲ ರಾಷ್ಟ್ರೀಯ ಚಾಂಪಿಯನ್ ತಂಡದ (೧೯೬೧) ಕ್ವಾರ್ಟರ್‌ಬ್ಯಾಕ್ ಪ್ಯಾಟ್ ಟ್ರ್ಯಾಮೆಲ್. ಅವರ ಓಟವಾಗಲಿ ಎಸೆತವಾಗಲಿ ನೋಡಲು ಸೊಗಸಾಗಿರಲಿಲ್ಲ. ಆದರೆ ಅವರು ಎದುರಾಳಿಯ ದೌರ್ಬಲ್ಯವನ್ನು ಬೇಗ ಗ್ರಹಿಸುತ್ತಿದ್ದರು, ಸಹ ಆಟಗಾರರು ಅವರ ಮಾತಿಗೆ ಎದುರಾಡುತ್ತಿರಲಿಲ್ಲ. ಬ್ರ್ಯಾಂಟ್ ಅವರ ಶೈಲಿಯನ್ನು ಚೆಂದಗಾಣಿಸಲು ಹೋಗದೆ ತಂಡದ ನಾಯಕತ್ವವನ್ನು ಅವರಿಗೆ ಒಪ್ಪಿಸಿದರು. ಮುಂದೆ ವೈದ್ಯರಾದ ಟ್ರ್ಯಾಮೆಲ್ ೧೯೬೮ರಲ್ಲಿ, ೨೮ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ನಿಧನರಾದರು. ಆ ಸಾವು ಬ್ರ್ಯಾಂಟ್ ಅವರನ್ನು ತೀವ್ರವಾಗಿ ಕಲಕಿತು.

ಜೋ ನೇಮತ್ ಟ್ರ್ಯಾಮೆಲ್‌ಗೆ ತೀರ ವಿರುದ್ಧ ಬಗೆಯವರು. ಪೆನ್ಸಿಲ್ವೇನಿಯದ ಬೀವರ್ ಫಾಲ್ಸ್ ಎಂಬ ಕೈಗಾರಿಕಾ ಪಟ್ಟಣದ ಈ ಹುಡುಗ ಮೊದಲು ಮೇರಿಲ್ಯಾಂಡ್‌ಗೆ ಸೇರಬೇಕಾಗಿತ್ತು. ಪ್ರವೇಶ ಪರೀಕ್ಷೆಯ ಅಂಕಗಳು ಸಾಲದೆ ಅದು ತಪ್ಪಿತು. ಬ್ರ್ಯಾಂಟ್ ಅವರ ಸಹಾಯಕ ಹೊವರ್ಡ್ ಷ್ನೆಲ್ಲೆನ್‌ಬರ್ಗರ್ ಅವರನ್ನು ಅಲಬಾಮಾಕ್ಕೆ ಕರೆತಂದರು. ಸಾಮಾನ್ಯವಾಗಿ ಯಾರನ್ನೂ ಹತ್ತಿಸದ ಆ ಗೋಪುರದ ಮೇಲಕ್ಕೆ ಬ್ರ್ಯಾಂಟ್ ನೇಮತ್‌ರನ್ನು ಬರಮಾಡಿಕೊಂಡದ್ದು ಟಸ್ಕಲೂಸಾದಲ್ಲಿ ದೊಡ್ಡ ಸುದ್ದಿಯಾಯಿತು. ನೇಮತ್ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಮೊಣಕಾಲು ಕುಂಟುತ್ತ ನಿಂತಲ್ಲಿಂದಲೇ ಚೆಂಡೆಸೆಯುವ ನ್ಯೂಯಾರ್ಕ್ ಜೆಟ್ಸ್ ಆಟಗಾರ. ಅಲಬಾಮಾದ ನೇಮತ್ ಬೇರೆಯೇ ಆಗಿದ್ದರು. ಬದಿಗೆ ಓಡುತ್ತ, ಕೊನೆಯ ಗಳಿಗೆಯವರೆಗೆ ಎಸೆತವೋ ಓಟವೋ ಎಂದು ಎದುರಾಳಿಗೆ ತಿಳಿಯಗೊಡದೆ ಆಡುವವರು. ಬ್ರ್ಯಾಂಟ್ ಆ ಚಲನೆಯನ್ನು ಕಟ್ಟಿಹಾಕದೆ ಅದರ ಸುತ್ತಲೇ ಆಕ್ರಮಣವನ್ನು ಹೆಣೆದರು. ೧೯೬೨ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ವಿರುದ್ಧ ನೇಮತ್ ಆಡಿದ ಮೊದಲ ಪಂದ್ಯದಲ್ಲಿಯೇ ತಂಡ ೩೫–೦ರಿಂದ ಗೆದ್ದಿತು. (ಈ ಪಂದ್ಯ ಮೊದಲೇ ಗೊತ್ತುಪಡಿಸಿದ್ದು ಎಂದು ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆ ಆರೋಪಿಸಿತು. ಬ್ರ್ಯಾಂಟ್ ಮಾನನಷ್ಟ ಮೊಕದ್ದಮೆ ಹೂಡಿದರು. ಪತ್ರಿಕೆ ೩ ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.)

ಆಟದ ಶೈಲಿಗೆ ಕೊಟ್ಟ ಸ್ವಾತಂತ್ರ್ಯವನ್ನು ಬ್ರ್ಯಾಂಟ್ ನಡತೆಗೆ ಕೊಡಲಿಲ್ಲ. ೧೯೬೩ರ ಡಿಸೆಂಬರ್‌ನಲ್ಲಿ ಮದ್ಯಪಾನದ ನಿಯಮವನ್ನು ಮುರಿದುದಕ್ಕಾಗಿ ತಮ್ಮ ಅತ್ಯುತ್ತಮ ಆಟಗಾರ ನೇಮತ್‌ರನ್ನೇ ಋತುವಿನ ಕೊನೆಯ ಎರಡು ಪಂದ್ಯಗಳಿಂದ ಹೊರಗಿಟ್ಟರು. ಅವುಗಳಲ್ಲಿ ಒಂದು ಶುಗರ್ ಬೌಲ್. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಅವರ ಪದ್ಧತಿ ತಿಳಿಯುತ್ತದೆ: ಎಷ್ಟು ಗಂಟೆಗೆ ಮಲಗಬೇಕು, ಹೇಗೆ ವರ್ತಿಸಬೇಕು, ಎಷ್ಟು ಶ್ರಮಿಸಬೇಕು ಎಂಬುದರಲ್ಲಿ ಎಲ್ಲರಿಗೂ ಒಂದೇ ಅಳತೆ, ಚೆಂಡು ಕೈಗೆ ಬಂದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ಅವರವರ ಅಳತೆ.

ಓಡುವ ಕ್ವಾರ್ಟರ್‌ಬ್ಯಾಕ್ ತೆರಬೇಕಾದ ಬೆಲೆಯೂ ನೇಮತ್‌ರಲ್ಲಿಯೇ ಕಾಣಿಸಿಕೊಂಡಿತು. ೧೯೬೪ರ ಅಕ್ಟೋಬರ್ ೧೦ರಂದು ನಾರ್ತ್ ಕೆರೊಲಿನಾ ಸ್ಟೇಟ್ ವಿರುದ್ಧ ಬದಿಗೆ ಓಡುತ್ತಿದ್ದಾಗ, ಯಾರೂ ಮುಟ್ಟದಿದ್ದರೂ, ಅವರ ಬಲ ಮೊಣಕಾಲು ಮುರುಚಿಕೊಂಡಿತು. ಆ ಋತುವಿನ ಉಳಿದ ಭಾಗವನ್ನು ಅವರು ಸ್ಟೀವ್ ಸ್ಲೋನ್ ಜೊತೆ ಹಂಚಿಕೊಂಡರು. ಮೊದಲಿನ ಓಟ ಮಾತ್ರ ಮರಳಲಿಲ್ಲ. ಆದರೂ ತಂಡ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಆ ಕಾಲದಲ್ಲಿ ಬೌಲ್ ಪಂದ್ಯಗಳಿಗೆ ಮೊದಲೇ ಮತದಾನ ಮುಗಿಯುತ್ತಿದ್ದುದರಿಂದ, ಆರೆಂಜ್ ಬೌಲ್‌ನಲ್ಲಿ ಟೆಕ್ಸಾಸ್‌ಗೆ ೨೧–೧೭ರಿಂದ ಸೋತದ್ದು ಲೆಕ್ಕಕ್ಕೆ ಬರಲಿಲ್ಲ.

ಅವರ ನಂತರ ಬಂದ ಕೆನ್ ಸ್ಟೇಬ್ಲರ್ ಎಡಗೈ ಆಟಗಾರ. ಹಾವಿನಂತೆ ಬಳುಕಿ ಓಡುತ್ತಿದ್ದುದರಿಂದ ಪ್ರೌಢಶಾಲೆಯಲ್ಲಿಯೇ ಸ್ನೇಕ್ ಎಂಬ ಹೆಸರು ಪಡೆದಿದ್ದರು. ೧೯೬೬ರಲ್ಲಿ ಅವರ ತಂಡ ಆಡಿದ ಹನ್ನೊಂದು ಪಂದ್ಯಗಳನ್ನೂ ಗೆದ್ದಿತು. ಆದರೂ ಮತದಾನದಲ್ಲಿ ಮೂರನೆಯ ಸ್ಥಾನ ದೊರೆಯಿತು. ೧೯೬೭ರಲ್ಲಿ ತರಗತಿ ಮತ್ತು ಅಭ್ಯಾಸಗಳನ್ನು ತಪ್ಪಿಸಿದ ಕಾರಣಕ್ಕೆ ಬ್ರ್ಯಾಂಟ್ ಅವರನ್ನೂ ಅಮಾನತಿನಲ್ಲಿಟ್ಟು, ಆಮೇಲೆ ಹಿಂದಕ್ಕೆ ಸೇರಿಸಿಕೊಂಡರು. ಆ ವರ್ಷದ ಡಿಸೆಂಬರ್ ೨ರಂದು ಸುರಿಯುವ ಮಳೆಯಲ್ಲಿ ಆಬರ್ನ್ ವಿರುದ್ಧ ಸ್ಟೇಬ್ಲರ್ ಕೆಸರಿನಲ್ಲಿ ೪೭ ಗಜ ಓಡಿ ಗಳಿಸಿದ ಟಚ್‌ಡೌನ್‌ನಿಂದ ಅಲಬಾಮಾ ೭–೩ರಿಂದ ಗೆದ್ದಿತು. ಅಲಬಾಮಾದ ಜನ ಈ ಓಟವನ್ನು ಇಂದಿಗೂ ನೆನೆಯುತ್ತಾರೆ.

೧೯೭೧ರ ಬದಲಾವಣೆ

ಸ್ಟೇಬ್ಲರ್ ನಂತರದ ಸ್ಕಾಟ್ ಹಂಟರ್ ನಿಂತು ಎಸೆಯುವ ಆಟಗಾರ. ಬ್ರ್ಯಾಂಟ್ ತಂಡವನ್ನು ಎಸೆತದ ಕಡೆಗೆ ತಿರುಗಿಸಿದರು. ೧೯೬೯ರಲ್ಲಿ ಆರ್ಚಿ ಮ್ಯಾನಿಂಗ್ ಅವರ ಮಿಸಿಸಿಪಿ ತಂಡವನ್ನು ೩೩–೩೨ರಿಂದ ಸೋಲಿಸಿದ ಪಂದ್ಯ ಆ ಕಾಲದ ಎಸೆತದ ಹಬ್ಬ. ಆದರೆ ೧೯೬೯ ಮತ್ತು ೧೯೭೦ರಲ್ಲಿ ತಂಡ ಗೆದ್ದದ್ದು ತಲಾ ಆರು ಪಂದ್ಯಗಳನ್ನು ಮಾತ್ರ. ಬ್ರ್ಯಾಂಟ್ ಅವರ ಕಾಲ ಮುಗಿಯಿತೆಂದು ಜನ ಆಡಿಕೊಳ್ಳತೊಡಗಿದರು.

೧೯೭೧ರಲ್ಲಿ ಅವರ ಮುಂದಿದ್ದ ಟೆರಿ ಡೇವಿಸ್ ಚುರುಕು ಕಾಲಿನ ಆಟಗಾರ, ಎಸೆತದಲ್ಲಿ ಹಂಟರ್‌ಗೆ ಸಮನಲ್ಲ. ಅವರನ್ನು ಹಂಟರ್‌ನ ಅಚ್ಚಿನಲ್ಲಿ ಎರಕ ಹೊಯ್ಯುವುದು ಸುಲಭದ ದಾರಿಯಾಗಿತ್ತು. ಐವತ್ತೇಳರ ಪ್ರಾಯದ ಬ್ರ್ಯಾಂಟ್ ತಾವೇ ವಿದ್ಯಾರ್ಥಿಯಾದರು. ಟೆಕ್ಸಾಸ್‌ನ ತರಬೇತುದಾರ, ಸ್ನೇಹಿತ ಡ್ಯಾರೆಲ್ ರಾಯಲ್ ಅವರಿಂದ ವಿಷ್‌ಬೋನ್ ಎಂಬ ವ್ಯೂಹವನ್ನು ಕಲಿತರು. ರಾಯಲ್ ಅವರ ಸಹಾಯಕ ಎಮೊರಿ ಬೆಲ್ಲಾರ್ಡ್ ೧೯೬೮ರಲ್ಲಿ ರೂಪಿಸಿದ ವ್ಯೂಹವಿದು. ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದೆ ಒಬ್ಬ, ಅವನ ಹಿಂದೆ ಎಡಬಲಗಳಲ್ಲಿ ಇಬ್ಬರು ನಿಲ್ಲುತ್ತಾರೆ. ಕೋಳಿಯ ಎದೆಯ ಕವಲುಮೂಳೆಯ ಆಕಾರ. ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್ ಎದುರಾಳಿಯೊಬ್ಬನ ನಡೆಯನ್ನು ಗಮನಿಸಿ ಚೆಂಡನ್ನು ಮಧ್ಯದವನಿಗೆ ಕೊಡುತ್ತಾನೆ, ಇಲ್ಲವೇ ಇಟ್ಟುಕೊಳ್ಳುತ್ತಾನೆ. ಇಟ್ಟುಕೊಂಡರೆ ಎರಡನೆಯ ಎದುರಾಳಿಯನ್ನು ನೋಡಿ ತಾನೇ ಓಡುತ್ತಾನೆ, ಅಥವಾ ಬದಿಯಲ್ಲಿ ಓಡುತ್ತಿರುವವನಿಗೆ ಹಾರಿಸುತ್ತಾನೆ. ಎಲ್ಲವೂ ಎರಡು ಮೂರು ಕ್ಷಣಗಳಲ್ಲಿ ನಡೆಯಬೇಕು. ಗೋಪುರದ ಮೇಲೆ ನಿಂತವರು ಆ ಕ್ಷಣದಲ್ಲಿ ಏನೂ ಹೇಳುವಂತಿಲ್ಲ. ಎಲ್ಲವನ್ನೂ ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದಾರೆಂದು ಹೆಸರಾಗಿದ್ದ ತರಬೇತುದಾರರು ನಿರ್ಧಾರವನ್ನು ಇಪ್ಪತ್ತು ವರ್ಷದ ಹುಡುಗನ ಕಣ್ಣಿಗೆ ಬಿಟ್ಟುಕೊಡುವ ವ್ಯೂಹವನ್ನೇ ಆರಿಸಿಕೊಂಡರು. ಅವರ ಶಿಷ್ಯರೂ ಒಮ್ಮೆ ಅವರ ತಂಡದ ಮೀಸಲು ಕ್ವಾರ್ಟರ್‌ಬ್ಯಾಕ್ ಆಗಿದ್ದವರೂ ಆದ ಮ್ಯಾಲ್ ಮೂರ್ ಆ ವರ್ಷದಿಂದ ಕ್ವಾರ್ಟರ್‌ಬ್ಯಾಕ್‌ಗಳ ತರಬೇತಿಯನ್ನು ನೋಡಿಕೊಂಡರು.

ಅಭ್ಯಾಸವನ್ನು ಗುಟ್ಟಾಗಿ ನಡೆಸಲಾಯಿತು. ಪತ್ರಕರ್ತರು ಬಂದಾಗ ಹಳೆಯ ವ್ಯೂಹವನ್ನೇ ತೋರಿಸಿದರು. ಸೆಪ್ಟೆಂಬರ್ ೧೦ರಂದು ಲಾಸ್ ಏಂಜಲೀಸ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಈ ಹೊಸ ಆಟವನ್ನು ಕಂಡು ತಬ್ಬಿಬ್ಬಾಗಿ ೧೭–೧೦ರಿಂದ ಸೋತಿತು. ಅದು ಬ್ರ್ಯಾಂಟ್ ಅವರ ೨೦೦ನೆಯ ಗೆಲುವು. ೧೯೭೧ರಿಂದ ೧೯೭೯ರವರೆಗಿನ ಒಂಬತ್ತು ವರ್ಷಗಳಲ್ಲಿ ಅಲಬಾಮಾ ಎಂಟು ಬಾರಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಪ್ರಶಸ್ತಿಯನ್ನು ಗೆದ್ದಿತು.

ವರ್ಣಭೇದ ಮತ್ತು ಹಾಲೊವೇ ಪ್ರಕರಣ

೧೯೬೩ರ ಜೂನ್‌ನಲ್ಲಿ ಗವರ್ನರ್ ಜಾರ್ಜ್ ವಾಲೇಸ್ ಕಪ್ಪುವರ್ಣೀಯ ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲು ಬಾಗಿಲಲ್ಲಿ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಬ್ರ್ಯಾಂಟ್ ಅವರ ೧೯೬೦ರ ದಶಕದ ತಂಡಗಳೆಲ್ಲವೂ ಬಿಳಿಯರ ತಂಡಗಳು. ವಿಲ್ಬರ್ ಜಾಕ್ಸನ್ ೧೯೭೦ರಲ್ಲಿ ಫುಟ್‌ಬಾಲ್ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪುವರ್ಣೀಯರಾದರು. ಆ ವರ್ಷ ಸೆಪ್ಟೆಂಬರ್ ೧೨ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅಲಬಾಮಾವನ್ನು ೪೨–೨೧ರಿಂದ ಮಣಿಸಿತು. ಆ ತಂಡದ ಸ್ಯಾಮ್ ಕನಿಂಗ್‌ಹ್ಯಾಮ್ ೧೩೫ ಗಜ ಓಡಿದರು. ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಜೋನ್ಸ್ ಸಹ ಕಪ್ಪುವರ್ಣೀಯರು. ಆ ಒಂದು ಸಂಜೆಯೇ ಅಲಬಾಮಾವನ್ನು ಬದಲಿಸಿತೆಂಬ ಕಥೆ ಜನಪ್ರಿಯವಾಗಿದೆ. ಜಾಕ್ಸನ್ ಅದಕ್ಕೂ ಮೊದಲೇ ಸೇರಿದ್ದರೆಂಬುದನ್ನು ಆ ಕಥೆ ಮರೆಯುತ್ತದೆ. ೧೯೭೧ರಲ್ಲಿ ಜಾನ್ ಮಿಚೆಲ್ ಅಲಬಾಮಾ ಪರವಾಗಿ ಅಂಕಣಕ್ಕಿಳಿದ ಮೊದಲ ಕಪ್ಪುವರ್ಣೀಯ ಆಟಗಾರರಾದರು. ೧೯೭೩ರಲ್ಲಿ ಸಹಾಯಕ ತರಬೇತುದಾರರೂ ಆದರು.

ಕ್ವಾರ್ಟರ್‌ಬ್ಯಾಕ್ ಸ್ಥಾನದ ಮಾತು ಬೇರೆಯಾಗಿತ್ತು. ಆಟವನ್ನು ನಡೆಸುವ ಈ ಸ್ಥಾನವನ್ನು ಕಪ್ಪುವರ್ಣೀಯರಿಗೆ ಕೊಡದೆ, ಅವರನ್ನು ಬೇರೆ ಸ್ಥಾನಗಳಿಗೆ ವರ್ಗಾಯಿಸುವುದು ದೇಶದುದ್ದಕ್ಕೂ ರೂಢಿಯಲ್ಲಿತ್ತು. ಅಲಬಾಮಾದ ಹಂಟ್ಸ್‌ವಿಲ್ ನಗರದ ಕಾಂಡ್ರೆಜ್ ಹಾಲೊವೇ ಆ ಕಾಲದ ಅತ್ಯಂತ ಪ್ರತಿಭಾವಂತ ಓಟ-ಎಸೆತಗಳ ಕ್ವಾರ್ಟರ್‌ಬ್ಯಾಕ್. ಹಾಲೊವೇ ಮುಂದೆ ತಿಳಿಸಿದ ಪ್ರಕಾರ, ಅಲಬಾಮಾ ರಾಜ್ಯ ಕಪ್ಪುವರ್ಣೀಯ ಕ್ವಾರ್ಟರ್‌ಬ್ಯಾಕ್‌ನನ್ನು ಒಪ್ಪಿಕೊಳ್ಳಲು ಇನ್ನೂ ಸಿದ್ಧವಾಗಿಲ್ಲವೆಂದು ಬ್ರ್ಯಾಂಟ್ ಅವರಿಗೆ ನೇರವಾಗಿ ಹೇಳಿದರು. ಸುಳ್ಳು ಆಶ್ವಾಸನೆ ಕೊಡದ ಈ ಪ್ರಾಮಾಣಿಕತೆಯನ್ನು ಹಾಲೊವೇ ಮೆಚ್ಚಿಕೊಂಡರು. ಆದರೆ ತಮ್ಮ ಸ್ಥಾನವನ್ನು ಬಿಟ್ಟುಕೊಡಲು ಒಪ್ಪದೆ ಟೆನೆಸ್ಸಿಗೆ ಹೋದರು. ೧೯೭೨ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಮೊದಲ ಕಪ್ಪುವರ್ಣೀಯ ಆರಂಭಿಕ ಕ್ವಾರ್ಟರ್‌ಬ್ಯಾಕ್ ಎನಿಸಿದರು. ಆ ವರ್ಷ ಟೆನೆಸ್ಸಿ ಎದುರಿನ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅಲಬಾಮಾ ಹಿಂದಿನಿಂದ ಬಂದು ೧೭–೧೦ರಿಂದ ಗೆದ್ದಾಗ ಮೊದಲ ಟಚ್‌ಡೌನ್ ಗಳಿಸಿದವರು ವಿಲ್ಬರ್ ಜಾಕ್ಸನ್, ಗೆಲುವಿನ ಟಚ್‌ಡೌನ್ ಗಳಿಸಿದವರು ಟೆರಿ ಡೇವಿಸ್.

ಡೇವಿಸ್‌ಗಾಗಿ ಇಡೀ ವ್ಯೂಹವನ್ನು ಬದಲಿಸಿದವರು ಅದೇ ವ್ಯೂಹಕ್ಕೆ ಹೇಳಿ ಮಾಡಿಸಿದಂತಿದ್ದ ಹಾಲೊವೇ ಅವರನ್ನು ಕೈಬಿಟ್ಟದ್ದು ಬ್ರ್ಯಾಂಟ್ ಅವರ ಮೇಲಿನ ಅತ್ಯಂತ ಭಾರವಾದ ಆಕ್ಷೇಪಣೆ. ವಾಲೇಸ್ ಅಧಿಕಾರದಲ್ಲಿದ್ದ ರಾಜ್ಯದಲ್ಲಿ ಅವರು ನಿಧಾನವಾಗಿ ಹೆಜ್ಜೆಯಿಡಬೇಕಾಯಿತೆಂದು ಬೆಂಬಲಿಗರು ಹೇಳುತ್ತಾರೆ. ಗವರ್ನರನಿಗಿಂತಲೂ ಹೆಚ್ಚು ಜನಪ್ರಿಯರಾಗಿದ್ದ ಒಬ್ಬರ ವಿಷಯದಲ್ಲಿ ಈ ವಾದ ಪೂರ್ತಿಯಾಗಿ ನಿಲ್ಲುವುದು ಕಷ್ಟ.

ಕೊನೆಯ ವರ್ಷಗಳು

ಬ್ರೂಟನ್ ಪಟ್ಟಣದ ವಾಲ್ಟರ್ ಲೂಯಿಸ್ ೧೯೮೦ರಲ್ಲಿ ಅಲಬಾಮಾಕ್ಕೆ ಸೇರಿದರು. ಹಾಲೊವೇ ಅವರಂತೆ ಓಟ, ಎಸೆತ ಎರಡನ್ನೂ ಬಲ್ಲ ಕಪ್ಪುವರ್ಣೀಯ ಆಟಗಾರ. ಅವರನ್ನು ಯಾವ ಸ್ಥಾನಕ್ಕೂ ವರ್ಗಾಯಿಸಲಿಲ್ಲ. ೧೯೮೧ರ ನವೆಂಬರ್ ೨೮ರಂದು, ತಮ್ಮ ಹಳೆಯ ಸಹಾಯಕ ಪ್ಯಾಟ್ ಡೈ ಅವರ ಆಬರ್ನ್ ತಂಡದ ವಿರುದ್ಧ ಬ್ರ್ಯಾಂಟ್ ೩೧೫ನೆಯ ಗೆಲುವನ್ನು ಅರಸುತ್ತಿದ್ದರು. ಗೆದ್ದರೆ ಅಮೋಸ್ ಅಲೊಂಜೊ ಸ್ಟ್ಯಾಗ್ ಅವರ ೩೧೪ ಗೆಲುವುಗಳ ದಾಖಲೆ ಮುರಿಯುತ್ತಿತ್ತು. ಕೊನೆಯ ಅವಧಿಯಲ್ಲಿ ಅಲಬಾಮಾ ೧೪–೧೭ರಿಂದ ಹಿಂದಿದ್ದಾಗ ಲೂಯಿಸ್ ಎಸೆದ ೩೮ ಗಜಗಳ ಟಚ್‌ಡೌನ್ ಪಂದ್ಯವನ್ನು ತಿರುಗಿಸಿತು. ಅಲಬಾಮಾ ೨೮–೧೭ರಿಂದ ಗೆದ್ದಿತು. ೧೯೮೨ರಲ್ಲಿ ಲೂಯಿಸ್ ತಂಡದ ಖಾಯಂ ಕ್ವಾರ್ಟರ್‌ಬ್ಯಾಕ್ ಆಗಿದ್ದರು.

ಆ ಋತುವಿನ ಕೊನೆಯಲ್ಲಿ ಬ್ರ್ಯಾಂಟ್ ನಿವೃತ್ತಿ ಘೋಷಿಸಿದರು. ಡಿಸೆಂಬರ್ ೨೯ರ ಲಿಬರ್ಟಿ ಬೌಲ್‌ನಲ್ಲಿ ಇಲಿನಾಯ್ ವಿರುದ್ಧ ೨೧–೧೫ರ ಗೆಲುವು ಅವರ ಕೊನೆಯ ಪಂದ್ಯ. ನಾಲ್ಕು ವಾರಗಳ ನಂತರ, ೧೯೮೩ರ ಜನವರಿ ೨೬ರಂದು, ಟಸ್ಕಲೂಸಾದ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ ೬೯ ವರ್ಷ ವಯಸ್ಸಾಗಿತ್ತು. ಬರ್ಮಿಂಗ್‌ಹ್ಯಾಮ್‌ನ ಎಲ್ಮ್‌ವುಡ್ ರುದ್ರಭೂಮಿಯವರೆಗಿನ ಹೆದ್ದಾರಿಯ ಎರಡೂ ಬದಿಗಳಲ್ಲಿ ಜನ ನಿಂತು ಅಂತಿಮ ನಮನ ಸಲ್ಲಿಸಿದರು. ಮುಂದಿನ ತಿಂಗಳು ಅಧ್ಯಕ್ಷ ರೊನಾಲ್ಡ್ ರೇಗನ್ ಅವರಿಗೆ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಿದರು. ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ೧೯೭೫ರಲ್ಲಿಯೇ ಅವರ ಹೆಸರು ಸೇರಿ ಬ್ರ್ಯಾಂಟ್–ಡೆನ್ನಿ ಕ್ರೀಡಾಂಗಣ ಎಂದಾಗಿತ್ತು. ೧೯೮೮ರಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಆರಂಭವಾಯಿತು.